ಕಡಲ ಚಿತ್ರದಲ್ಲಿ ಕಾಮನಬಿಲ್ಲು, ಬೆಳಕು ಮತ್ತು ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದಲ್ಲಿ ನಾನು ನಡೆಸುವ ಚಿತ್ರಕಲಾ ತರಗತಿಯಲ್ಲಿ, ಗಂಗಾವತಿ, ಸಿಂಧನೂರು, ರಾಯಚೂರು ಮತ್ತು ಬಳ್ಳಾರಿ ಕಡೆಯ ಡ್ರಾಯಿಂಗ್ ಶಿಕ್ಷಕರು ಬರೆಯುವ ಪತ್ರಗಳಲ್ಲಿ, ಪ್ರದರ್ಶನಗಳಲ್ಲಿ ಚಿತ್ರದ ಮುಂದೆ ನಿಂತವರ ಮಾತಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಎಲ್ಲ ಉತ್ತರಗಳ ಹಿಂದೆ ಇರುವ ನನ್ನ ನಂಬಿಕೆ ಒಂದೇ: ಕಾಮನಬಿಲ್ಲನ್ನು ದೋಣಿಯಂತೆಯೋ ಬಂಡೆಯಂತೆಯೋ ಚಿತ್ರದಲ್ಲಿ ಬೇಕಾದ ಕಡೆ ಇಡಲು ಬರುವುದಿಲ್ಲ. ಸೂರ್ಯ, ಮಳೆಹನಿ ಮತ್ತು ನೋಡುವವರ ಕಣ್ಣು ಒಂದು ನಿರ್ದಿಷ್ಟ ಕೋನದಲ್ಲಿ ಸೇರಿದಾಗ ಮಾತ್ರ ಅದು ಕಾಣುತ್ತದೆ. ಆದ್ದರಿಂದ ಬಿಲ್ಲನ್ನು ಬರೆಯಲು ಹೊರಟವರು ಚಿತ್ರದ ಇಡೀ ಬೆಳಕನ್ನೇ ಮೊದಲು ತೀರ್ಮಾನಿಸಬೇಕಾಗುತ್ತದೆ.

## ಆರಂಭದ ಪ್ರಶ್ನೆಗಳು

ಸರ್, ನಾವು ಸಮುದ್ರ ನೋಡಿದ್ದೇ ಒಂದೆರಡು ಸಲ. ಇಲ್ಲೇ ಕುಂತು ಸಮುದ್ರದ ಚಿತ್ರ ತೆಗೆಯೋದು ಸರಿ ಅನ್ನಿಸತೈತೇನ್ರೀ?

ಖಂಡಿತ ಸರಿ. ಕಡಲ ಚಿತ್ರಗಳಿಗೆ ಪ್ರಪಂಚದಲ್ಲೇ ಹೆಸರಾದ ಇವಾನ್ ಐವಝೋವ್‌ಸ್ಕಿ (1817–1900) ಕಪ್ಪು ಸಮುದ್ರದ ದಡದ ಫಿಯೊಡೋಸಿಯಾದಲ್ಲೇ ಹುಟ್ಟಿ ಬೆಳೆದವನಾದರೂ, ತನ್ನ ಕಡಲುಗಳನ್ನು ಹೆಚ್ಚಾಗಿ ಕೋಣೆಯೊಳಗೆ ಕುಳಿತು ನೆನಪಿನಿಂದಲೇ ಬರೆಯುತ್ತಿದ್ದನು. ಅಲೆಯ ಚಲನೆ ಕುಂಚಕ್ಕೆ ನಿಂತು ಕೊಡುವುದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ನೆನಪಿನಿಂದ ಬರೆಯುವವನು ಮೊದಲು ಗಮನಿಸಿ ನೋಡಿರಬೇಕು ಎಂಬುದಷ್ಟೇ ಇಲ್ಲಿನ ಷರತ್ತು.

ಗಮನಿಸಿ ನೋಡಲು ನಮ್ಮಲ್ಲಿ ನೀರಿಗೆ ಕೊರತೆಯಿಲ್ಲ. ಮುನಿರಾಬಾದಿನ ಬಳಿ ತುಂಗಭದ್ರಾ ಜಲಾಶಯ ತುಂಬಿ ನಿಂತಾಗ, ನಿರ್ಮಾಣ ಕಾಲದ ಲೆಕ್ಕದಂತೆ ಸುಮಾರು 378 ಚದರ ಕಿಲೋಮೀಟರ್ ಹರವಿನ ನೀರು ಅಲ್ಲಿರುತ್ತದೆ. ಮುಂಗಾರಿನ ಗಾಳಿಗೆ ಅದರಲ್ಲಿ ಏಳುವ ಅಲೆ ಕಡಲಿನದಲ್ಲ, ಉಬ್ಬರವಿಳಿತವೂ ಅದಕ್ಕಿಲ್ಲ, ನೊರೆಯ ಸ್ವಭಾವವೂ ಬೇರೆ. ಆದರೆ ನೀರಿನ ಮೇಲೆ ಬೆಳಕು ಬೀಳುವ ನಿಯಮ ಎರಡೂ ಕಡೆ ಒಂದೇ. ಬೆಳಕನ್ನು ಇಲ್ಲಿ ಕಲಿತು ಅಲೆಯ ಆಕಾರವನ್ನು ಕಾರವಾರದಲ್ಲೋ ಮಲ್ಪೆಯಲ್ಲೋ ಕಲಿಯುವುದು ಒಳ್ಳೆಯ ಮಾರ್ಗವೆಂದು ನಾನು ಭಾವಿಸುತ್ತೇನೆ.

ಕಾಮನಬಿಲ್ಲು ಆಕಾಶದಾಗ ಎಲ್ಲಿ ಬರತೈತಿ ಅಂತ ಮೊದಲೇ ಹೇಳಾಕ ಬರತೈತೇನು?

ಬರುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು ನಿಮ್ಮ ತಲೆಯ ನೆರಳನ್ನು ನೋಡಿ. ಬಿಲ್ಲಿನ ಕೇಂದ್ರವಿರುವುದು ಆ ನೆರಳಿನ ದಿಕ್ಕಿನಲ್ಲಿ. ಅಲ್ಲಿಂದ ಸುಮಾರು 42 ಡಿಗ್ರಿ ದೂರದಲ್ಲಿ ಬಿಲ್ಲು ಸುತ್ತುತ್ತದೆ. ಕೈಯನ್ನು ಪೂರ್ತಿ ಚಾಚಿ ಬೆರಳುಗಳನ್ನು ಅಗಲಿಸಿದರೆ ಒಂದು ಗೇಣು ಕಣ್ಣಿಗೆ ಸುಮಾರು 20 ಡಿಗ್ರಿಯಷ್ಟಾಗುತ್ತದೆ. ಆದ್ದರಿಂದ ತಲೆಯ ನೆರಳಿನಿಂದ ಎರಡು ಗೇಣು ಎಣಿಸಿದರೆ ಬಿಲ್ಲು ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ. ಪಟ್ಟಿಯ ಅಗಲ ಸುಮಾರು 2 ಡಿಗ್ರಿ, ಅಂದರೆ ಚಾಚಿದ ಕೈಯ ಹೆಬ್ಬೆರಳಿನಷ್ಟು.

ಸೂರ್ಯ ಕ್ಷಿತಿಜದಿಂದ 42 ಡಿಗ್ರಿಗಿಂತ ಮೇಲಿದ್ದರೆ ಸಮತಟ್ಟಾದ ನೆಲದಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಮಳೆಗಾಲದ ದಿನಗಳಲ್ಲಿ ಬೆಳಗ್ಗೆ ಸುಮಾರು ಒಂಬತ್ತರ ಒಳಗೆ ಮತ್ತು ಮಧ್ಯಾಹ್ನ ಮೂರೂವರೆ, ನಾಲ್ಕರ ನಂತರವಷ್ಟೇ ಅದಕ್ಕೆ ಅವಕಾಶ. ನೆತ್ತಿಯ ಮೇಲೆ ಸೂರ್ಯನಿರುವಂತೆ ಗಿಡ್ಡ ನೆರಳುಗಳನ್ನು ಬರೆದು, ಹಿಂದೆ ಎತ್ತರದ ಬಿಲ್ಲನ್ನು ಇಟ್ಟ ಚಿತ್ರಗಳು ಸ್ಪರ್ಧೆಗಳಲ್ಲಿ ಎಷ್ಟೋ ಬರುತ್ತವೆ. ಅವುಗಳಲ್ಲಿ ನೆರಳು ಒಂದು ಹೊತ್ತನ್ನು ಹೇಳಿದರೆ ಬಿಲ್ಲು ಇನ್ನೊಂದು ಹೊತ್ತನ್ನು ಹೇಳುತ್ತಿರುತ್ತದೆ.

ಏಳೂ ಬಣ್ಣ ಹಾಕಲೇಬೇಕಾ? ಯಾವುದು ಮೇಲೆ, ಯಾವುದು ಕೆಳಗೆ?

ಕೆಂಪು ಹೊರಗೆ, ನೇರಳೆ ಒಳಗೆ. ಈ ಕ್ರಮವನ್ನು ಬದಲಿಸುವಂತಿಲ್ಲ. ಏಳು ಎಂಬ ಸಂಖ್ಯೆಯ ವಿಷಯದಲ್ಲಿ ಮಾತ್ರ ಸ್ವಾತಂತ್ರ್ಯವಿದೆ. ನ್ಯೂಟನ್ ಮೊದಲು ಐದು ಬಣ್ಣಗಳನ್ನು ಹೆಸರಿಸಿ, ಅನಂತರ ಸಂಗೀತದ ಸ್ವರಗಳಿಗೆ ಹೊಂದುವಂತೆ ಕಿತ್ತಳೆಯನ್ನೂ ಇಂಡಿಗೋವನ್ನೂ ಸೇರಿಸಿ ಏಳು ಮಾಡಿದನು. ನಿಜವಾದ ಬಿಲ್ಲಿನಲ್ಲಿ ಬಣ್ಣಗಳ ನಡುವೆ ಗೆರೆಗಳಿಲ್ಲ. ಒಂದು ಇನ್ನೊಂದರಲ್ಲಿ ಕರಗುತ್ತದೆ, ನೇರಳೆಯಂತೂ ಬಹಳ ಸಲ ಕಣ್ಣಿಗೆ ಬೀಳುವುದೇ ಇಲ್ಲ.

ಹನಿಯ ಗಾತ್ರಕ್ಕೆ ತಕ್ಕಂತೆ ಬಣ್ಣದ ಗುಣವೂ ಬದಲಾಗುತ್ತದೆ. ಒಂದು ಮಿಲಿಮೀಟರಿಗಿಂತ ದಪ್ಪನೆಯ ಹನಿಗಳಿದ್ದರೆ ಕೆಂಪು ಎದ್ದು ಕಾಣುತ್ತದೆ. ಮಂಜಿನಂಥ ತೀರ ಸಣ್ಣ ಹನಿಗಳಾದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಬಿಲ್ಲು ಬಹುಮಟ್ಟಿಗೆ ಬೆಳ್ಳಗಾಗುತ್ತದೆ. ಗುಡುಗಿನ ಮಳೆಯ ಚಿತ್ರಕ್ಕೆ ಗಾಢವಾದ ಬಿಲ್ಲು, ಜಿಟಿಜಿಟಿ ಮಳೆಗೆ ಮಾಸಲು ಬಿಲ್ಲು ಎಂದು ಇಟ್ಟುಕೊಳ್ಳಬಹುದು.

ಸೂರ್ಯ ಮುಳುಗುತ್ತಿರುವ ಸಮುದ್ರ, ಅದರ ಮೇಲೆ ಕಾಮನಬಿಲ್ಲು. ಈ ಕಲ್ಪನೆ ಚೆನ್ನಾಗಿದೆಯಲ್ಲ, ಯಾಕೆ ಬೇಡ ಎನ್ನುತ್ತೀರಿ?

ಸೂರ್ಯನೂ ಬಿಲ್ಲೂ ಎದುರುಬದುರು ದಿಕ್ಕಿನಲ್ಲಿರುವುದರಿಂದ ಒಂದೇ ನೋಟದಲ್ಲಿ ಎರಡೂ ಸಿಗುವುದಿಲ್ಲ. ಇದು ನಮ್ಮ ಕರಾವಳಿಯ ಚಿತ್ರ ಬರೆಯುವವರಿಗೆ ವಿಶೇಷವಾಗಿ ಅನ್ವಯಿಸುವ ಮಾತು. ಕರ್ನಾಟಕದ ಕಡಲು ಪಶ್ಚಿಮಕ್ಕಿದೆ. ಕಾರವಾರದ ದಡದಲ್ಲಿ ನಿಂತವರಿಗೆ ಸಂಜೆ ಸೂರ್ಯ ಕಡಲ ಮೇಲಿರುವುದರಿಂದ, ಬಿಲ್ಲು ಬಂದರೆ ಬೆನ್ನ ಹಿಂದೆ, ಗುಡ್ಡಗಳ ಕಡೆ ಬರಬೇಕು. ಕಡಲ ಮೇಲೆ ಬಿಲ್ಲು ಕಾಣುವುದು ಬೆಳಗ್ಗೆ, ಸೂರ್ಯ ಗುಡ್ಡಗಳ ಕಡೆಯಿಂದ ಏರಿ ಬರುವಾಗ. ಪೂರ್ವಕ್ಕೆ ಕಡಲಿರುವ ಚೆನ್ನೈ, ವಿಶಾಖಪಟ್ಟಣದಲ್ಲಿ ಇದು ತಿರುಗುಮುರುಗು. ತುಂಗಭದ್ರಾ ಅಣೆಕಟ್ಟಿನ ಮೇಲಿಂದ ಜಲಾಶಯವನ್ನು ನೋಡುವವರಿಗೂ ನೀರು ಪಶ್ಚಿಮದ ಕಡೆಯೇ ಹರಡಿರುವುದರಿಂದ ಕಾರವಾರದ ನಿಯಮವೇ ಹೊಂದುತ್ತದೆ.

ಹಾಗೆಂದು ಸಂಜೆಯ ಬಣ್ಣವನ್ನು ಬಿಡಬೇಕಾಗಿಲ್ಲ. ಸೂರ್ಯ ಮುಳುಗುವ ಹೊತ್ತಿನಲ್ಲಿ ಅವನ ಬೆಳಕಿನ ನೀಲಿ, ಹಸಿರು ಭಾಗಗಳು ಗಾಳಿಯಲ್ಲೇ ಚದುರಿಹೋಗಿ, ಎದುರು ದಿಕ್ಕಿನಲ್ಲಿ ಮಳೆಯಿದ್ದರೆ ಬರೀ ಕೆಂಪು, ಕಿತ್ತಳೆಯ ಬಿಲ್ಲು ಪೂರ್ತಿ ಅರ್ಧವೃತ್ತವಾಗಿ ನಿಲ್ಲುತ್ತದೆ. ಅದನ್ನು ಬರೆಯುವ ಧೈರ್ಯ ಮಾಡಿದವರು ಕಡಿಮೆ. ಬರೆದರೆ ಅದಕ್ಕಿಂತ ಗಂಭೀರವಾದ ವಸ್ತು ಸಿಗುವುದು ಕಷ್ಟ.

ಸಮುದ್ರ ನೀಲಿ ಕಾಣೋದು ಆಕಾಶದ ಪ್ರತಿಬಿಂಬದಿಂದ ಅಂತ ಸಾಲ್ಯಾಗ ಕಲಿಸ್ಯಾರ. ಅಷ್ಟೇನಾ?

ಅಷ್ಟೇ ಅಲ್ಲ. ರೇಲೇ ಎಂಬ ಮಹಾವಿಜ್ಞಾನಿ ಕೂಡ ಹಾಗೆಯೇ ಭಾವಿಸಿದ್ದರು. 1921ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಅವರು ಮೆಡಿಟರೇನಿಯನ್ ಕಡಲಿನ ಕಡುನೀಲಿಯನ್ನು ನಿಕೋಲ್ ಪ್ರಿಸಂ ಮೂಲಕ ನೋಡಿದರು. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕನ್ನು ಆ ಪ್ರಿಸಂ ತಡೆದ ಮೇಲೂ ನೀಲಿ ಹೋಗಲಿಲ್ಲ, ಬದಲಿಗೆ ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಅವರ ಪ್ರಬಂಧ 1922ರಲ್ಲಿ ಪ್ರಕಟವಾಯಿತು. ಇದರ ಜೊತೆಗೆ ನೀರು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ಚಿತ್ರಕಾರನಿಗೆ ಇದರಿಂದ ದೊರೆಯುವ ಪಾಠ ದೊಡ್ಡದು. ನೀರಿಗೆ ಎರಡು ಬಣ್ಣಗಳಿವೆ: ಒಳಗಿನಿಂದ ಬರುವುದು ಒಂದು, ಮೇಲಿನಿಂದ ಪ್ರತಿಫಲಿಸುವುದು ಇನ್ನೊಂದು. ಕಾಲಬುಡದ ನೀರನ್ನು ನೇರವಾಗಿ ಕೆಳಗೆ ನೋಡಿದಾಗ ಪ್ರತಿಫಲನ ಶೇಕಡಾ 2ರಷ್ಟೇ ಇರುವುದರಿಂದ ನೀರಿನ ಒಳಬಣ್ಣ, ಮರಳು, ಕೆಸರು ಎಲ್ಲ ಕಾಣುತ್ತವೆ. ನೋಟ ಓರೆಯಾದಷ್ಟೂ ಪ್ರತಿಫಲನ ಏರುತ್ತ ಹೋಗಿ, ದೂರದ ನೀರಿನಲ್ಲಿ ಆಕಾಶವೇ ಹೆಚ್ಚಾಗಿ ಕಾಣುತ್ತದೆ. ಮುಂಭಾಗಕ್ಕೂ ಹಿಂಭಾಗಕ್ಕೂ ಒಂದೇ ನೀಲಿಯನ್ನು ಬಳಿದರೆ ಕಡಲು ಗೋಡೆಯಂತೆ ಎದ್ದು ನಿಲ್ಲುವುದು ಈ ಕಾರಣಕ್ಕೆ.

## ಕುಂಚ ಹಿಡಿದ ಮೇಲೆ ಬರುವ ಪ್ರಶ್ನೆಗಳು

ನಾನು ಬರೆದ ಕಾಮನಬಿಲ್ಲು ಯಾವಾಗಲೂ ಬಣ್ಣದ ಟೇಪು ಅಂಟಿಸಿದಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಈ ಪ್ರಶ್ನೆಯಷ್ಟು ಸಲ ಬೇರಾವ ಪ್ರಶ್ನೆಯೂ ನನಗೆ ಬಂದಿಲ್ಲ. ಉತ್ತರ ಬಿಲ್ಲಿನಲ್ಲಿಲ್ಲ, ಅದರ ಸುತ್ತಲಿನ ಆಕಾಶದಲ್ಲಿದೆ.

ಬಿಲ್ಲು ಬೆಳಕಿನಿಂದಾದದ್ದು. ಅದು ತನ್ನ ಹಿಂದಿನ ಮೋಡದ ಬೆಳಕಿಗೆ ಇನ್ನಷ್ಟು ಬೆಳಕನ್ನು ಸೇರಿಸುತ್ತದೆ. ನಮ್ಮ ಟ್ಯೂಬಿನ ಬಣ್ಣ ಮಾಡುವ ಕೆಲಸ ಇದಕ್ಕೆ ವಿರುದ್ಧವಾದುದು. ಅದು ಕಾಗದದಿಂದ ಬರುವ ಬೆಳಕಿನಲ್ಲಿ ಒಂದು ಭಾಗವನ್ನು ನುಂಗಿಬಿಡುತ್ತದೆ. ಬಿಳಿಯ ಆಕಾಶದ ಮೇಲೆ ಕೆಂಪು ಪಟ್ಟಿ ಎಳೆದರೆ ಆ ಪಟ್ಟಿ ಆಕಾಶಕ್ಕಿಂತ ಕಪ್ಪಾಗುತ್ತದೆ, ಆಗ ಅದು ಬೆಳಕಾಗಿ ಉಳಿಯದೆ ವಸ್ತುವಾಗಿಬಿಡುತ್ತದೆ. ಆದ್ದರಿಂದ ಬಿಲ್ಲಿನ ಅತಿ ಗಾಢ ಬಣ್ಣವೂ ಅದರ ಹಿಂದಿನ ಮೋಡಕ್ಕಿಂತ ತಿಳಿಯಾಗಿರಬೇಕು. ಬಿಲ್ಲು ಮಸಕಾಗುತ್ತದೆ ಎಂಬ ಭಯವಿದ್ದರೆ ಮೋಡವನ್ನು ಕಪ್ಪಾಗಿಸಿ, ಸುತ್ತಲಿನ ಬಣ್ಣಗಳನ್ನು ಬೂದಿಗೆ ಇಳಿಸಿ. ಬೂದುಬಣ್ಣದ ನಡುವೆ ತೆಳುವಾದ ಗುಲಾಬಿಯೂ ಕೆಂಪಾಗಿ ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ. ಬಿಲ್ಲಿನ ಒಳಗಿನ ಆಕಾಶ ಹೊರಗಿನದಕ್ಕಿಂತ ಬೆಳ್ಳಗಿರುತ್ತದೆ. ಹನಿಗಳು 42 ಡಿಗ್ರಿಯ ಅಂಚಿನಲ್ಲಿ ಬೆಳಕನ್ನು ಒತ್ತೊತ್ತಾಗಿ ಕಳಿಸುತ್ತವೆ, ಅದರ ಒಳಗಡೆಗೂ ಸ್ವಲ್ಪ ಸ್ವಲ್ಪ ಕಳಿಸುತ್ತವೆ, ಆದರೆ ಒಮ್ಮೆ ಪ್ರತಿಫಲಿಸಿದ ಬೆಳಕನ್ನು ಆ ಅಂಚಿನ ಹೊರಗೆ ಕಳಿಸುವುದಿಲ್ಲ. ಒಳಗಡೆಯ ಮೋಡವನ್ನು ಒಂದೇ ಒಂದು ಮೆಟ್ಟಿಲು ತಿಳಿ ಮಾಡಿ ನೋಡಿ. ಟೇಪಿನಂತಿದ್ದ ಬಿಲ್ಲು ಆಕಾಶದೊಳಕ್ಕೆ ಸೇರಿಕೊಳ್ಳುತ್ತದೆ.

ಕೊನೆಯದಾಗಿ, ಪೂರ್ತಿ ಬಿಲ್ಲನ್ನು ಒಂದೇ ತೀವ್ರತೆಯಲ್ಲಿ ಎಳೆಯಬೇಡಿ. ಮಳೆ ದಟ್ಟವಾಗಿರುವ ಕಡೆ ಬಿಲ್ಲು ಗಟ್ಟಿ, ಮಳೆ ತೆಳುವಾದ ಕಡೆ ಅದು ಕರಗುತ್ತದೆ, ಬಿಸಿಲು ಮೋಡಕ್ಕೆ ಮರೆಯಾದ ಕಡೆ ಇರುವುದೇ ಇಲ್ಲ.

ಜಲವರ್ಣದಲ್ಲಿ ಕಾಮನಬಿಲ್ಲು ಬರೆಯುವ ವಿಧಾನವನ್ನು ಹಂತ ಹಂತವಾಗಿ ತಿಳಿಸಿ. ನಮ್ಮ ರಾಯಚೂರಿನ ಬಿಸಿಲಿಗೆ ವಾಶ್ ಹಾಕುವಷ್ಟರಲ್ಲೇ ಒಣಗಿಬಿಡುತ್ತದೆ.

ಮೊದಲು ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳಲ್ಲಿ ಪಾರಾ 40 ದಾಟುವುದು ಸಾಮಾನ್ಯ. ಆಗ ಆಕಾಶದ ವಾಶನ್ನು (ನೀರು ಹೆಚ್ಚಿಸಿ ಅಗಲವಾಗಿ ಬಳಿಯುವ ತೆಳು ಬಣ್ಣವನ್ನು) ನಸುಕಿನಲ್ಲೇ ಮುಗಿಸುವುದು ಒಳಿತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದವನ್ನು ಎರಡೂ ಬದಿ ನೆನೆಸಿ ಗಾಜಿನ ಹಲಗೆಯ ಮೇಲೆ ಅಂಟುವಂತೆ ಹಾಸಿದರೆ ಕೆಳಗಿನ ತೇವ ಮೇಲಿನ ಬಣ್ಣವನ್ನು ಹೊತ್ತು ಹಿಡಿಯುತ್ತದೆ. ಫ್ಯಾನು ಆರಿಸಿ. ಬಣ್ಣ ಕಲಸುವ ನೀರಿಗೆ ಕೆಲವೇ ಹನಿ ಗ್ಲಿಸರಿನ್ ಸೇರಿಸಬಹುದು, ಹೆಚ್ಚಾದರೆ ಕಾಗದ ದಿನಗಟ್ಟಲೆ ಜಿಗುಟಾಗಿಯೇ ಇರುತ್ತದೆ.

ಆಕಾಶಕ್ಕೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಬೆರೆಸಿದ ಬೂದು ಸಾಕು. ಇಲ್ಲಿ ಥ್ಯಾಲೋ ಬ್ಲೂ ಬೇಡ, ಅದು ಕಾಗದದ ಎಳೆಗಳಿಗೆ ಇಳಿದು ಮತ್ತೆ ಏಳುವುದಿಲ್ಲ. ಬಿಲ್ಲಿನ ಒಳಭಾಗವನ್ನು ತಿಳಿಯಾಗಿ, ಹೊರಭಾಗವನ್ನು ಗಾಢವಾಗಿ ಬಿಡಿ. ವಾಶಿನ ಮೇಲಿನ ಹೊಳಪು ಆಗತಾನೇ ಹೋಗಿ ಕಾಗದ ಇನ್ನೂ ತಣ್ಣಗಿರುವಾಗ, ನೀರು ಹಿಂಡಿದ ಚಪ್ಪಟೆ ಬ್ರಷ್ಷನ್ನು ಕಮಾನಿನ ದಾರಿಯಲ್ಲಿ ಒಂದೇ ಉಸಿರಿಗೆ ಎಳೆದು ಬಣ್ಣವನ್ನು ಎತ್ತಿ. ಎರಡನೆಯ ಸಲ ಎಳೆಯುವ ಮೊದಲು ಬ್ರಷ್ಷನ್ನು ತೊಳೆದು ಮತ್ತೆ ಹಿಂಡಲೇಬೇಕು. ಇಲ್ಲವಾದರೆ ಎತ್ತಿದ ಬಣ್ಣವನ್ನೇ ಮರಳಿ ಹಚ್ಚಿದಂತಾಗುತ್ತದೆ. ಕೈ ಇನ್ನೂ ಪಳಗದವರು ವಾಶ್ ಪೂರ್ತಿ ಒಣಗಿದ ಮೇಲೆ ದಪ್ಪ ಹಾಳೆಯಲ್ಲಿ ಕಮಾನಿನ ಆಕಾರ ಕತ್ತರಿಸಿ ಇಟ್ಟು, ಒದ್ದೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಿಂದ ಒತ್ತಿ ತೆಗೆಯಬಹುದು. ಅಂಚು ಗಡಸಾದರೆ ಮತ್ತೊಮ್ಮೆ ತೇವ ಮಾಡಿ ಮೆತ್ತಗಾಗಿಸಬೇಕು.

ಕಾಗದ ಪೂರ್ತಿ ಒಣಗಿದ ಮೇಲೆ ಮೂರೇ ಬಣ್ಣ ಬೇಕು. ಪಟ್ಟಿಯ ನಡುವೆ ನೀರಾದ ಲೆಮನ್ ಯೆಲ್ಲೋ. ಅದು ಒಣಗಿದ ನಂತರ ಹೊರ ಅಂಚಿಗೆ ಕ್ವಿನಾಕ್ರಿಡೋನ್ ರೋಸ್, ಹಳದಿಯ ಮೇಲೆ ಅರ್ಧ ಹತ್ತುವಂತೆ. ಕಿತ್ತಳೆ ತಾನಾಗಿಯೇ ಹುಟ್ಟುತ್ತದೆ. ಒಳ ಅಂಚಿಗೆ ಕೋಬಾಲ್ಟ್ ಬ್ಲೂ, ಅದೂ ಹಳದಿಯನ್ನು ಸ್ವಲ್ಪ ಮುಟ್ಟುವಂತೆ. ಹಸಿರು ಹುಟ್ಟುತ್ತದೆ. ನೀಲಿಯ ಒಳಬದಿಗೆ ರೋಸಿನ ಒಂದು ಉಸಿರಿನಷ್ಟು ತೆಳು ಲೇಪ ಕೊಟ್ಟರೆ ನೇರಳೆ. ಪ್ರತಿ ಲೇಪವೂ ಬಹಳ ತೆಳುವಾಯಿತೆಂದು ಅನ್ನಿಸುವಷ್ಟಿರಲಿ.

ತೈಲವರ್ಣದಲ್ಲೂ ಹೀಗೆಯೇ ಮಾಡಬಹುದೇ?

ತತ್ತ್ವ ಅದೇ. ಮೋಡಗಳನ್ನು ಬರೆದು ಚೆನ್ನಾಗಿ ಒಣಗಲು ಬಿಡಿ. ಟೈಟಾನಿಯಂ ವೈಟನ್ನು ತೀರ ತೆಳುವಾಗಿ, ಒಣ ಬ್ರಷ್ಷಿನಲ್ಲಿ ತಿಕ್ಕಿದಂತೆ ಹಚ್ಚಿ ಕಮಾನನ್ನು ತಿಳಿಗೊಳಿಸಿ. ಅದೂ ಒಣಗಿದ ಮೇಲೆ ಪಾರದರ್ಶಕ ಬಣ್ಣಗಳನ್ನು ಎಣ್ಣೆಯ ಮಾಧ್ಯಮದಲ್ಲಿ ಕಲಸಿ ಗ್ಲೇಝ್, ಅಂದರೆ ಕೆಳಗಿನದು ಕಾಣುವಂಥ ತೆಳು ಪದರು ಕೊಟ್ಟು, ಅಂಚುಗಳನ್ನು ಮೆತ್ತನೆಯ ಒಣ ಬ್ರಷ್ಷಿನಿಂದ ಕರಗಿಸಿ. ಬಿಳಿ ಮತ್ತು ಕೆಂಪನ್ನು ಪ್ಯಾಲೆಟ್ಟಿನಲ್ಲೇ ಕಲಸಿ ಗುಲಾಬಿ ಮಾಡಿ ಹಚ್ಚಿದರೆ ಸುಣ್ಣದ ಗೋಡೆಯ ಬಣ್ಣ ಸಿಗುತ್ತದೆ, ಬೆಳಕು ಸಿಗುವುದಿಲ್ಲ.

ಕೆಳಗೆ ಬೆಳಕನ್ನಿಟ್ಟು ಮೇಲೆ ಬಣ್ಣದ ತೆರೆ ಹಾಕುವ ಈ ತಿಳಿವಳಿಕೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರು ಮರದ ಮೂರ್ತಿಗಳ ಒಡವೆಗಳಿಗೆ ತವರದಿಂದ ಮಾಡಿದ ಲಜವರವೆಂಬ ಹೊಳಪಿನ ಲೇಪ ಕೊಟ್ಟು ಮಿರುಗು ತರುತ್ತಾರೆ. ಆ ಮೂರ್ತಿಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಾಗ, ಬಳಿದ ಬಣ್ಣ ಒಂದೇ ರೀತಿ ನಿಂತಿದ್ದರೂ ಒಡವೆಯ ಭಾಗ ಮಾತ್ರ ಕ್ಷಣಕ್ಷಣಕ್ಕೆ ಬೆಳಗುತ್ತದೆ. ತೈಲವರ್ಣ ಕಲಿಯುವ ನನ್ನ ವಿದ್ಯಾರ್ಥಿಗಳಿಗೆ ಕಿನ್ನಾಳಕ್ಕೆ ಹೋಗಿ ಇದನ್ನು ನೋಡಿ ಬನ್ನಿ ಎಂದು ಹೇಳುವುದುಂಟು.

ಅಕ್ರಿಲಿಕ್?

ಒಣಗಿದ ಮೇಲೆ ಅಕ್ರಿಲಿಕ್ ಒಂದು ಛಾಯೆ ಕಪ್ಪಾಗುತ್ತದೆ, ಆದ್ದರಿಂದ ಕಮಾನನ್ನು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ತಿಳಿಯಾಗಿಡಿ. ಗ್ಲೇಝಿಂಗ್ ಮೀಡಿಯಂ ಇಲ್ಲದೆ ಬರೀ ನೀರು ಸೇರಿಸಿದರೆ ಪದರು ನಿಲ್ಲುವುದಿಲ್ಲ. ನಮ್ಮ ಹವೆಗೆ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಬೇಕೇ ಬೇಕು.

ಅಲೆಯ ನೊರೆಗೆ ಬರೀ ಬಿಳಿ ಹಾಕಿದರೆ ಸಾಕಲ್ಲವೇ?

ಸಾಲದು. ನೊರೆಯ ಗುಳ್ಳೆಗಳು ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಚದುರಿಸುವುದರಿಂದ ಅದು ಬೆಳ್ಳಗೆ ಕಾಣುವುದು ನಿಜ. ಆದರೆ ನೊರೆಗೂ ನೆರಳಿನ ಬದಿಯಿದೆ, ಅಲ್ಲಿ ಅದು ಆಕಾಶದ ನೀಲಿಬೂದನ್ನು ಪಡೆಯುತ್ತದೆ. ಮಳೆಗಾಲದಲ್ಲಿ ನದಿಗಳು ತಂದ ಮಣ್ಣು ಕಲಕಿದಾಗ ದಡದ ನೊರೆ ಕಂದು ಕಲೆತ ಹಳದಿಗೆ ತಿರುಗುತ್ತದೆ. ಅಚ್ಚ ಬಿಳಿಯನ್ನು ಅಲೆಯ ತುದಿ ಒಡೆಯುವ ಎರಡು ಮೂರು ಕಡೆಗೆ ಮೀಸಲಿಡಿ. ಬಿಲ್ಲಿರುವ ಚಿತ್ರದಲ್ಲಂತೂ ಮುಂಭಾಗದ ಅಲೆಗಳನ್ನು ಮೋಡದ ನೆರಳಿನಲ್ಲಿಟ್ಟರೆ ನೊರೆ ಬಿಲ್ಲಿನೊಡನೆ ಪೈಪೋಟಿಗೆ ನಿಲ್ಲುವುದಿಲ್ಲ. ಮಳೆಯ ಮೇಲೆ ಬಿಸಿಲು, ನಮ್ಮ ಮುಂದಿನ ನೀರಿನ ಮೇಲೆ ನೆರಳು ಎಂಬ ಸನ್ನಿವೇಶ ಪ್ರಕೃತಿಯಲ್ಲಿ ಧಾರಾಳವಾಗಿ ಒದಗುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ, ಸಮುದ್ರರಾಜನ ಗರ್ವಭಂಗ ಮಾಡುವ ಶ್ರೀರಾಮನನ್ನು ತೋರಿಸುವ ರಾಜಾ ರವಿವರ್ಮರ ಚಿತ್ರವಿದೆ. ಅಲ್ಲಿಗೆ ಹೋದವರು ರಾಮನನ್ನು ನೋಡಿದ ಮೇಲೆ ಕಾಲಬುಡದ ನೀರಿನ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು.

ಕಾಮನಬಿಲ್ಲು ಇರುವ ಚಿತ್ರದಲ್ಲಿ ನೀರಿನ ಮೇಲೆ ಬಿಸಿಲಿನ ಹೊಳೆಯುವ ದಾರಿ ಬರೆಯಬಹುದೇ?

ಬರೆಯಬಾರದು. ನೀರಿನ ಮೇಲಿನ ಹೊಳೆಯುವ ದಾರಿ ಸೂರ್ಯನ ಕೆಳಗೆ ಮಾತ್ರ ಬೀಳುತ್ತದೆ, ಬಿಲ್ಲಿನ ಚಿತ್ರದಲ್ಲಿ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ಇಂಥ ಕಡಲು ಮಿನುಗುವುದಿಲ್ಲ, ತನ್ನ ಒಳಬಣ್ಣವನ್ನು ಗಂಭೀರವಾಗಿ ತೋರಿಸುತ್ತದೆ. ದೋಣಿಗಳ ಬಿಸಿಲು ಬಿದ್ದ ಬದಿ ನಮ್ಮ ಕಡೆಗಿರುತ್ತದೆ, ಪಟಗಳು ಬೆಳಗುತ್ತವೆ, ನೆರಳುಗಳು ನಮ್ಮಿಂದ ದೂರ ಸರಿದು ಬಿಲ್ಲಿನ ಕೇಂದ್ರದತ್ತ ಸಾಗುತ್ತವೆ. ಕಪ್ಪು ಮೋಡದ ಎದುರು ಬಿಸಿಲು ಬಿದ್ದ ಒಂದು ಬಿಳಿಯ ಪಟವನ್ನು ಬರೆದರೆ, ಬಿಲ್ಲನ್ನು ಬಿಟ್ಟರೂ ನೋಡುವವರಿಗೆ ಅದರ ನಿರೀಕ್ಷೆ ಹುಟ್ಟುತ್ತದೆ.

ಬಿಲ್ಲಿನ ಬುಡ ಕ್ಷಿತಿಜಕ್ಕೆ ಮುಟ್ಟಿ ನಿಲ್ಲಬೇಕಾ, ನೀರಿನ ಮೇಲೂ ಇಳಿಯಬಹುದಾ?

ಮಳೆ ಎಲ್ಲಿದೆ ಎಂಬುದರ ಮೇಲೆ ಅದು ನಿಲ್ಲುತ್ತದೆ. ದಡದಲ್ಲಿ ನಿಂತವರ ಕಣ್ಣು ನೀರಿನ ಮಟ್ಟದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಕ್ಷಿತಿಜ ಸುಮಾರು 4.4 ಕಿಲೋಮೀಟರ್ ದೂರದಲ್ಲಿರುತ್ತದೆ. ಮಳೆ ಅದಕ್ಕಿಂತ ಹತ್ತಿರ ಸುರಿಯುತ್ತಿದ್ದರೆ ಬಿಲ್ಲಿನ ಕಾಲು ಕ್ಷಿತಿಜವನ್ನು ದಾಟಿ ನೀರಿನ ಎದುರಿಗೇ ಇಳಿಯುತ್ತದೆ, ಅಲ್ಲಿ ಮಳೆಯ ಪರದೆಯ ಹಿಂದೆ ಕ್ಷಿತಿಜದ ಗೆರೆಯೂ ಮಸುಕಾಗುತ್ತದೆ.

## ಮುಂದುವರಿದವರ ಪ್ರಶ್ನೆಗಳು

ಎರಡು ಕಾಮನಬಿಲ್ಲು ಬರೆಯುವಾಗ ಹೊರಗಿನದರ ಬಣ್ಣಗಳನ್ನು ಹೇಗೆ ಜೋಡಿಸಬೇಕು?

ತಿರುಗಿಸಿ. ಹೊರಗಿನ ಬಿಲ್ಲಿನಲ್ಲಿ ಬೆಳಕು ಹನಿಯೊಳಗೆ ಎರಡು ಸಲ ಪ್ರತಿಫಲಿಸುವುದರಿಂದ ಕೆಂಪು ಒಳಗೆ, ನೇರಳೆ ಹೊರಗೆ ಬರುತ್ತದೆ. ಅದರ ತ್ರಿಜ್ಯ ಸುಮಾರು 51 ಡಿಗ್ರಿ, ಪಟ್ಟಿ ಹೆಚ್ಚು ಅಗಲ, ಬೆಳಕು ಬಹಳ ಕಡಿಮೆ. ಎರಡೂ ಬಿಲ್ಲುಗಳ ಕೆಂಪು ಅಂಚುಗಳು ಮುಖಾಮುಖಿಯಾಗುತ್ತವೆ, ನಡುವಿನ ಆಕಾಶ ಉಳಿದೆಲ್ಲ ಕಡೆಗಿಂತ ಕಪ್ಪಾಗಿರುತ್ತದೆ. ಇದನ್ನು ಗುರುತಿಸಿ ಬರೆದ ಪ್ರಾಚೀನ ಗ್ರೀಕ್ ವಿದ್ವಾಂಸನ ಹೆಸರಿನಿಂದ ಇದಕ್ಕೆ ಅಲೆಕ್ಸಾಂಡರನ ಪಟ್ಟಿ ಎಂದು ಹೆಸರು.

ಇಂಗ್ಲೆಂಡಿನ ಪ್ರಸಿದ್ಧ ಚಿತ್ರಕಾರ ಮಿಲೇ ತನ್ನ ‘ಕುರುಡು ಹುಡುಗಿ’ ಚಿತ್ರದಲ್ಲಿ (1856) ಎರಡೂ ಬಿಲ್ಲುಗಳಿಗೆ ಒಂದೇ ಕ್ರಮದ ಬಣ್ಣ ಹಾಕಿದ್ದನು. ತಪ್ಪನ್ನು ತೋರಿಸಿಕೊಟ್ಟ ಮೇಲೆ ಹೊರಗಿನ ಬಿಲ್ಲನ್ನು ತಿದ್ದಿ ಬರೆದನು. ಮುಗಿದು ಮೆಚ್ಚುಗೆ ಪಡೆದ ಚಿತ್ರವನ್ನು ಸತ್ಯಕ್ಕಾಗಿ ಮತ್ತೆ ಮುಟ್ಟಿದ ಅವನ ನಡೆ ನನಗೆ ಬಹಳ ಗೌರವ ಹುಟ್ಟಿಸುತ್ತದೆ.

ಕ್ಯಾನ್ವಾಸ್ ಮೇಲೆ ಬಿಲ್ಲು ಎಷ್ಟು ದೊಡ್ಡದಿರಬೇಕು? ಪೂರ್ತಿ ಬಿಲ್ಲು ಹಿಡಿಸುವುದೇ ಇಲ್ಲ.

ಹಿಡಿಸಬೇಕಾಗಿಯೂ ಇಲ್ಲ. ಬಿಲ್ಲಿನ ಎರಡು ಕಾಲುಗಳ ನಡುವೆ, ಸೂರ್ಯ ಕ್ಷಿತಿಜದಲ್ಲಿದ್ದಾಗ, 84 ಡಿಗ್ರಿ ಅಂತರವಿರುತ್ತದೆ. ನಾವು ಸಾಮಾನ್ಯವಾಗಿ ಬರೆಯುವ ನಿಸರ್ಗಚಿತ್ರದ ನೋಟ 50 ಡಿಗ್ರಿಯ ಆಸುಪಾಸಿನದು. 60 ಸೆಂಟಿಮೀಟರ್ ಅಗಲದ ಕ್ಯಾನ್ವಾಸನ್ನು 60 ಸೆಂಟಿಮೀಟರ್ ದೂರದಿಂದ ನೋಡುವ ಲೆಕ್ಕದಲ್ಲಿ ಬರೆದರೆ, ಬಿಲ್ಲಿನ ತ್ರಿಜ್ಯವೇ ಸುಮಾರು 54 ಸೆಂಟಿಮೀಟರ್ ಆಗುತ್ತದೆ, ಪಟ್ಟಿಯ ಅಗಲ 3ರಿಂದ 4 ಸೆಂಟಿಮೀಟರ್. ಎಂದರೆ ಒಂದು ಕಾಲು ಮತ್ತು ಕಮಾನಿನ ಒಂದು ಭಾಗ ಮಾತ್ರ ಚಿತ್ರದೊಳಗೆ ಬರುತ್ತದೆ. ಪುಟ್ಟ ಕಮಾನನ್ನು ಪೂರ್ತಿಯಾಗಿ ಇಟ್ಟಾಗ ಆಕಾಶವೇ ಕುಗ್ಗಿ, ಕಡಲು ಕೆರೆಯಾಗುತ್ತದೆ.

ಎತ್ತರದ ಲೆಕ್ಕವೂ ಸರಳ. ಸೂರ್ಯನ ಎತ್ತರವನ್ನು 42ರಿಂದ ಕಳೆಯಿರಿ. ಸೂರ್ಯ 20 ಡಿಗ್ರಿ ಮೇಲಿದ್ದರೆ ಬಿಲ್ಲಿನ ನೆತ್ತಿ ಕ್ಷಿತಿಜದಿಂದ 22 ಡಿಗ್ರಿ ಮೇಲಿರುತ್ತದೆ, ಹೆಚ್ಚುಕಡಿಮೆ ಒಂದು ಗೇಣು. ಬಿಲ್ಲನ್ನು ಬದಿಯಿಂದ ನೋಡಲು ಯಾರಿಗೂ ಸಾಧ್ಯವಿಲ್ಲದ ಕಾರಣ ಅದನ್ನು ಓರೆಯಾಗಿ, ಸೇತುವೆಯಂತೆ ದೂರಕ್ಕೆ ಸರಿಯುವಂತೆ ಬರೆಯುವುದು ಸಲ್ಲದು.

ನೀರಿನಲ್ಲಿ ಬಿಲ್ಲಿನ ಪ್ರತಿಬಿಂಬವನ್ನು ತಲೆಕೆಳಗಾಗಿ ಬರೆದರೆ ಸರಿಯಾಗುತ್ತದೆಯೇ?

ಆಕಾರದ ಮಟ್ಟಿಗೆ ಸರಿ. ಆದರೆ ನೀರಿನಲ್ಲಿ ಕಾಣುವ ಬಿಲ್ಲನ್ನು ಕಳಿಸುವ ಹನಿಗಳೇ ಬೇರೆ. ಆಕಾಶದ ಬಿಲ್ಲು ಒಂದು ಗುಡ್ಡದ ತುದಿಗೆ ತಾಗಿದಂತೆ ಕಂಡರೆ, ನೀರಿನೊಳಗಿನ ಬಿಲ್ಲು ಅದೇ ಗುಡ್ಡದ ಪ್ರತಿಬಿಂಬಕ್ಕೆ ಅದೇ ಜಾಗದಲ್ಲಿ ತಾಗಬೇಕೆಂದಿಲ್ಲ. ಅಲೆಯೆದ್ದ ಕಡಲಿನಲ್ಲಿ ಇಂಥ ಪ್ರತಿಬಿಂಬ ಸಾಮಾನ್ಯವಾಗಿ ಉಳಿಯುವುದೇ ಇಲ್ಲ, ಕೆಳಮುಖವಾಗಿ ಎಳೆದ ಮಂಕು ಬಣ್ಣಗಳಾಗಿ ಹರಡಿಹೋಗುತ್ತದೆ. ಗಾಳಿ ನಿಂತ ಬೆಳಗಿನ ಹಿನ್ನೀರಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಡ್ಯಾಮಿನ ಗೇಟು ಬಿಟ್ಟಾಗ ತುಂತುರಿನೊಳಗೆ ಕಾಣೋ ಬಿಲ್ಲೂ ಸಮುದ್ರದ ಅಲೆ ಸಿಡಿದಾಗ ಕಾಣೋ ಬಿಲ್ಲೂ ಒಂದೇ ಏನ್ರೀ?

ಹುಟ್ಟುವ ಬಗೆ ಒಂದೇ, ಅಳತೆಯಲ್ಲಿ ಸಣ್ಣ ವ್ಯತ್ಯಾಸವಿದೆ. ಉಪ್ಪುನೀರು ಬೆಳಕನ್ನು ಸಿಹಿನೀರಿಗಿಂತ ತುಸು ಹೆಚ್ಚು ಬಾಗಿಸುವುದರಿಂದ ಅಲೆಯ ತುಂತುರಿನ ಬಿಲ್ಲು ಮಳೆಯ ಬಿಲ್ಲಿಗಿಂತ ಸುಮಾರು ಒಂದು ಡಿಗ್ರಿಯಷ್ಟು ಚಿಕ್ಕದು. ಹಡಗಿನಿಂದ ನೋಡಿದಾಗ, ಮಳೆಯ ಬಿಲ್ಲು ಕೆಳಗಿಳಿದು ಅಲೆಯ ತುಂತುರನ್ನು ಸೇರುವ ಕಡೆ ಪಟ್ಟಿ ಒಳಕ್ಕೆ ಸರಿದು ಮುರಿದಂತೆ ಕಾಣುತ್ತದೆ. ಈ ಮುರಿತವನ್ನು ತಿಳಿದು ಬರೆದ ಕಡಲ ಚಿತ್ರವನ್ನು ನೋಡುವ ಆಸೆ ನನಗೆ ಬಹಳವಿದೆ.

ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ ಕೆಲವನ್ನು ತೆರೆದಾಗ ಏಳುವ ತುಂತುರಿನ ಬಿಲ್ಲನ್ನು ನೋಡಲು ಹೊತ್ತು ಗೊತ್ತಿರಬೇಕು. ಕೆಳಗಿನಿಂದ ಅಣೆಕಟ್ಟಿನತ್ತ ನೋಡುವವರಿಗೆ ಬೆಳಗಿನ ಹೊತ್ತು, ಮೇಲಿನಿಂದ ಕೆಳಗಿನ ಹೊಳೆಯತ್ತ ನೋಡುವವರಿಗೆ ಇಳಿಹೊತ್ತು ಅನುಕೂಲ. ಅಷ್ಟು ದೂರ ಹೋಗಲಾಗದವರಿಗೆ ಶೇಂಗಾ ಹೊಲದ ಸ್ಪ್ರಿಂಕ್ಲರ್ ಸಾಕು. ಎಳೆಬಿಸಿಲಿಗೆ ಬೆನ್ನು ಕೊಟ್ಟು ಅದರ ಹತ್ತಿರ ನಿಂತರೆ, ತಿರುಗುವ ನೀರಿನ ಎಳೆ ನಿಮ್ಮ ಮುಂದೆ ಹಾಯ್ದಾಗಲೆಲ್ಲ ಬಿಲ್ಲಿನ ತುಂಡು ಹೊತ್ತಿಕೊಂಡು ಎಳೆಯೊಡನೆ ಆರುತ್ತದೆ. ಒಂದು ಹೆಜ್ಜೆ ಬಲಕ್ಕೆ ಸರಿದರೆ ಬಿಲ್ಲೂ ಬಲಕ್ಕೆ ಸರಿಯುತ್ತದೆ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದರೆ ಹತ್ತಿರದ ತುಂತುರಿನಲ್ಲಿ ಅದು ಜಾಗ ಬದಲಿಸುವುದೂ ಗೊತ್ತಾಗುತ್ತದೆ, ಏಕೆಂದರೆ ಎರಡು ಕಣ್ಣಿಗೂ ಬೇರೆ ಬೇರೆ ಹನಿಗಳಿಂದ ಬೆಳಕು ಬರುತ್ತಿರುತ್ತದೆ.

ಹಳೆಯ ಚಿತ್ರಕಾರರಲ್ಲಿ ಯಾರ ಕಾಮನಬಿಲ್ಲನ್ನು ಅಭ್ಯಾಸ ಮಾಡಬೇಕು?

ಒಬ್ಬರನ್ನೇ ಹೇಳಬೇಕೆಂದರೆ ಮತ್ತೆ ಐವಝೋವ್‌ಸ್ಕಿಯನ್ನೇ ಹೇಳುತ್ತೇನೆ. ಮಾಸ್ಕೋದ ತ್ರೆತ್ಯಾಕೋವ್ ಸಂಗ್ರಹದಲ್ಲಿರುವ 1873ರ ಅವನ ‘ಕಾಮನಬಿಲ್ಲು’ ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕ ಹಡಗು ಮುಳುಗುತ್ತಿದೆ, ಜನ ದೋಣಿಗಳಲ್ಲಿ ಪಾರಾಗಲು ಹೆಣಗುತ್ತಿದ್ದಾರೆ. ಮೊದಲ ನೋಟಕ್ಕೆ ಬಿಲ್ಲು ಸಿಗುವುದೇ ಇಲ್ಲ. ತುಂತುರು ತುಂಬಿದ ಗಾಳಿಯಲ್ಲಿ ಗುಲಾಬಿ, ಹಳದಿ, ಹಸಿರಿನ ಛಾಯೆಗಳು ಅಲೆಗಳಿಂದ ಬೇರ್ಪಡಿಸಲಾಗದಂತೆ ಬೆರೆತಿವೆ. ಬಿಲ್ಲಿನ ಬೆಳಕೇ ಇಡೀ ಚಿತ್ರದ ಬೆಳಕಾಗಿರುವುದರಿಂದ ಅದನ್ನು ಅಳಿಸಿದರೆ ಕಡಲೂ ಅಳಿಸುತ್ತದೆ.

ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1798ರಲ್ಲಿ ಪ್ರದರ್ಶಿಸಿದ ಬಟರ್‌ಮಿಯರ್ ಸರೋವರದ ಚಿತ್ರ ಇನ್ನೊಂದು. ಅದು ಕಡಲಲ್ಲ, ಆದರೂ ಬಹುಮಟ್ಟಿಗೆ ಬಣ್ಣವಿಲ್ಲದ, ಬರೀ ಮಸುಕು ಬೆಳಕಿನ ಆ ಬಿಲ್ಲು ಮತ್ತು ನೀರಿನಲ್ಲಿ ಅದರ ಇಳಿಬೆಳಕು ಏಳು ಬಣ್ಣದ ಹಟವನ್ನು ಬಿಡಿಸುತ್ತವೆ. ಓದುವ ಹವ್ಯಾಸವುಳ್ಳವರಿಗೆ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯನ್ನೂ ಸೂಚಿಸುತ್ತೇನೆ. ಸೂರ್ಯನ ಬಗೆಬಗೆಯ ಬಣ್ಣದ ಕಿರಣಗಳು ಗಾಳಿಯಿಂದ ಚದುರಿ ಮೋಡವಿರುವ ಆಕಾಶದಲ್ಲಿ ಬಿಲ್ಲಿನ ಆಕಾರದಲ್ಲಿ ಕಾಣುವುದೇ ಇಂದ್ರಧನುಸ್ಸು ಎಂದು ಅದರಲ್ಲಿದೆ. ಬಣ್ಣಗಳು ಮೋಡದವಲ್ಲ, ಸೂರ್ಯನ ಬೆಳಕಿನವೇ ಎಂಬ ಮಾತನ್ನು ಚಿತ್ರಕಾರರು ಮರೆಯಬಾರದು.

ಬೆಳದಿಂಗಳಲ್ಲೂ ಕಾಮನಬಿಲ್ಲು ಬರುತ್ತದೆಯೇ?

ಹುಣ್ಣಿಮೆಯ ಆಸುಪಾಸಿನಲ್ಲಿ, ಚಂದ್ರ ಕೆಳಗಿದ್ದು ಎದುರಿಗೆ ಮಳೆಯಿದ್ದರೆ ಬರುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ಬಣ್ಣಗಳನ್ನು ಗುರುತಿಸಲಾರದು, ಆದ್ದರಿಂದ ಅದನ್ನು ಬೂದು ಕಲೆತ ಬಿಳಿಯಲ್ಲಿ ಬರೆಯಿರಿ.

ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ ಬರೆದರೆ ಆದೀತೇ?

ಆಕಾರಕ್ಕೆ, ಮೋಡದ ವಿನ್ಯಾಸಕ್ಕೆ ಆಗುತ್ತದೆ. ಬಣ್ಣಕ್ಕೆ ಬೇಡ. ಫೋನು ಆಕಾಶವನ್ನು ತಾನೇ ಕಪ್ಪಾಗಿಸಿ, ಬಣ್ಣಗಳನ್ನು ಏರಿಸಿ ಕೊಡುತ್ತದೆ, ಬಿಲ್ಲಿನ ಒಳಗೂ ಹೊರಗೂ ಇರುವ ಬೆಳಕಿನ ಅಂತರವನ್ನು ಅಳಿಸಿಬಿಡುತ್ತದೆ. ಇನ್ನೊಂದು ಮಾತು: ಬಿಲ್ಲಿನ ಬೆಳಕು ಧ್ರುವೀಕರಣ ಹೊಂದಿರುವುದರಿಂದ, ಅಂದರೆ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವುದರಿಂದ, ಪೋಲರಾಯ್ಡ್ ಕನ್ನಡಕ ಹಾಕಿ ತಲೆ ವಾಲಿಸಿದರೆ ಬಿಲ್ಲಿನ ಭಾಗಗಳು ಮಾಯವಾಗುತ್ತವೆ. ಅಂಥ ಕನ್ನಡಕವಿದ್ದರೆ ತೆಗೆದು ನೋಡಿ. ಫೋಟೊ ತೆಗೆದ ಕೂಡಲೇ ಜೇಬಿನ ಪುಸ್ತಕದಲ್ಲಿ ಪೆನ್ಸಿಲಿನಿಂದ ಮೂರು ಸಂಗತಿ ಗುರುತಿಸಿಕೊಳ್ಳಿ: ಬಿಲ್ಲಿನ ಒಳಗಿನ ಆಕಾಶ, ಹೊರಗಿನ ಆಕಾಶ, ಕೆಳಗಿನ ನೀರು, ಇವುಗಳಲ್ಲಿ ಯಾವುದು ಹೆಚ್ಚು ಬೆಳ್ಳಗಿದೆ, ಯಾವುದು ಹೆಚ್ಚು ಕಪ್ಪಾಗಿದೆ.

ನಮ್ಮ ಸಂಡೂರು ಕಡೆಯ ಕೆಂಪು ಮಣ್ಣಿನಿಂದ ಬಣ್ಣ ಮಾಡಿಕೊಂಡು ಸಮುದ್ರದ ಚಿತ್ರಕ್ಕೆ ಬಳಸಬಹುದೇ?

ಸಂತೋಷದಿಂದ ಬಳಸಿ. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನಲ್ಲಿರುವ ಹೆಮಟೈಟ್ ಮತ್ತು ಅಂಗಡಿಯ ಇಂಡಿಯನ್ ರೆಡ್ ಬಣ್ಣ ಮೂಲದಲ್ಲಿ ಒಂದೇ ಕಬ್ಬಿಣದ ಆಕ್ಸೈಡ್. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇಂಥದೇ ಕೆಂಪಿನಿಂದ ಬರೆದ ಪ್ರಾಚೀನ ಚಿತ್ರಗಳು ಇಂದಿಗೂ ಉಳಿದಿವೆ. ಈ ಬಣ್ಣ ಬಿಸಿಲಿಗೆ ಮಾಸುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ, ಅದು ತಿಳಿಯಾದಾಗ ಕೆಳಗುಳಿದ ನುಣ್ಣನೆಯ ಕೆಸರನ್ನು ಒಣಗಿಸಿ ಅರೆಯಿರಿ, ಜಲವರ್ಣಕ್ಕಾದರೆ ಗಮ್ ಅರೇಬಿಕ್‌ನೊಡನೆ, ತೈಲವರ್ಣಕ್ಕಾದರೆ ಅಗಸೆ ಎಣ್ಣೆಯೊಡನೆ ಕಲಸಿ. ಅರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಕಾಮನಬಿಲ್ಲಿನ ಕೆಂಪಿಗೆ ಇದು ಒದಗದು, ಅಷ್ಟು ಪಾರದರ್ಶಕವಲ್ಲ. ಇದರ ಜಾಗವಿರುವುದು ಮೋಡದಲ್ಲಿ. ಅಲ್ಟ್ರಾಮರೀನಿಗೆ ಚಿಟಿಕೆಯಷ್ಟು ಸೇರಿಸಿದರೆ ನೇರಳೆಯ ಕಡೆಗೆ ವಾಲುವ ಒಂದು ಭಾರವಾದ ಬೂದು ಬರುತ್ತದೆ. ತಯಾರಾಗಿ ಸಿಗುವ ಪೇಯ್ನ್ಸ್ ಗ್ರೇಗಿಂತ ಅದರಲ್ಲಿ ಜೀವ ಹೆಚ್ಚು, ಅದರ ಪಕ್ಕದಲ್ಲಿ ಬಿಲ್ಲಿನ ಹಸಿರು ಮತ್ತು ಹಳದಿ ಇನ್ನಿಲ್ಲದಂತೆ ತಿಳಿಯಾಗಿ ಕಾಣುತ್ತವೆ.